ಹುಣಸೆ ಬೀಜ ಇಟ್ಟ ಮನೆ

ಆಗ ನನಗೆ ಇಪ್ಪತ್ತೇಳು. ನಲವತ್ತೈದು ವರ್ಷದ ಹಿಂದಿನ ಮಾತು. ಗಂಡನನ್ನು ಹುಡುಕಲು ಹೋದ ನಾನು ಅವನನ್ನು ತುಂಗಭದ್ರಾ ಹೊಳೆಯ ನಟ್ಟನಡುವೆ ನಿಲ್ಲಿಸಿಬಿಟ್ಟೆ.

ಗಾಬರಿ ಬೇಡ. ನಕಾಶೆಯ ಮೇಲೆ.

ಅವನು ಕಾಲುವೆ ಸರ್ವೆಯಲ್ಲಿ ಅಳತೆಯ ಸರಪಳಿ ಹಿಡಿಯುವ ಆಳು. ಹದಿನೈದು ದಿನ ಹೊರಗೆ, ಎರಡು ದಿನ ನಮ್ಮೂರು ಮಲ್ಲಟದ ಮನೆಯಲ್ಲಿ. ಪತ್ರ ಬರೆಯಲು ಅವನಿಗೆ ಬಾರದು, ಓದಲು ನನಗೆ ಬಾರದು. (ನಾನು ನಾಲ್ಕಕ್ಷರ ಕಲಿತದ್ದು ಆಮೇಲೆ.) ಮತ್ತೆ ಅವನೆಲ್ಲಿದ್ದಾನೆ ಎಂದು ತಿಳಿಯುವುದು ಹೇಗೆ?

ಆಫೀಸಿನಲ್ಲಿ ಬಿಸಾಡಿದ ಹಳೆಯ ನಕಾಶೆಯೊಂದನ್ನು ತಂದಿದ್ದ. ಅಂಚನ್ನು ಇಲಿ ತಿಂದು ನಂಬರುಗಳೆಲ್ಲ ಹೋಗಿದ್ದವು. ಚೌಕದ ಮನೆಗಳು ಮಾತ್ರ ಉಳಿದಿದ್ದವು. ಹೊರಡುವ ಮೊದಲು ಅದನ್ನು ನೆಲಕ್ಕೆ ಹಾಸುತ್ತಿದ್ದ. ಚೌಕಾಬಾರ ಆಡುವವರ ಹಾಗೆ ಎದುರುಬದುರು ಕೂರುತ್ತಿದ್ದೆವು. "ಈ ಸಲ ಇಲ್ಲಿ" ಎಂದು ಒಂದು ಮನೆಯಲ್ಲಿ ಹುಣಸೆ ಬೀಜ ಇಡುತ್ತಿದ್ದ. ನಾನು ಎಣಿಸಿಕೊಳ್ಳುತ್ತಿದ್ದೆ. ನನ್ನ ಎಡಗೈಯಿಂದ ಇಷ್ಟು ಮನೆ, ನನ್ನ ತೊಡೆಯಿಂದ ಇಷ್ಟು ಸಾಲು. ಅಷ್ಟೇ ನಮ್ಮ ಟಪಾಲು.

ಆ ಸಲ ಅವನು ಹೋದ ಮೇಲೆ ಅತ್ತೆ ಹಾಸಿಗೆ ಹಿಡಿದಳು. ಎರಡು ದಿನ ನೀರು ಮುಟ್ಟಲಿಲ್ಲ.

"ಮಗನ್ನ ಕರ್ಸು. ಅಂವ ಬಾಯಾಗ ನೀರು ಹಾಕಿದ್ರ ಕುಡೀತೀನಿ. ನಿನ್ ಕೈ ನೀರು ಬ್ಯಾಡ."

ಸಿಟ್ಟು ಬಂತೇ? ಬಂತು. ಆದರೆ ಒಣಗಿ ಬಿರಿದ ತುಟಿಯ ಜೊತೆ ಏನು ಜಗಳ? ಮುದುಕಿಯನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, ಮೊದಲ ಬಸ್ಸಿಗೆ ರಾಯಚೂರಿನ ಆಫೀಸಿಗೆ ಹೋದೆ.

"ಸರ್ವೆ ಪಾರ್ಟಿ ಸಲಕ್ಕೊಂದು ಕಡಿ ಟೆಂಟ್ ಹಾಕ್ತದವ್ವಾ. ಎಲ್ಲಿ ಅಂತ ಹೇಳ್ಲಿ?" ಎಂದ ಕ್ಲರ್ಕು.

"ನನಗ ಗೊತ್ತದ ರೀ. ನಕಾಶಿ ತೆಗೀರಿ."

ನಮ್ಮಲ್ಲಿರುವಂಥದೇ ನಕಾಶೆಯನ್ನು ನನಗೆ ನೆಟ್ಟಗಿರುವಂತೆ ಮೇಜಿನ ಮೇಲೆ ಹಾಸಿದ. ಎಡಗಡೆಯಿಂದ ಐದು ಮನೆ, ನನ್ನ ಕಡೆಯಿಂದ ಮೂರು ಸಾಲು. ಬೆರಳಿಟ್ಟೆ. ಕ್ಲರ್ಕು ಬಗ್ಗಿ ನೋಡಿ ನಕ್ಕ.

"ಇದು ತುಂಗಭದ್ರಾ ಹೊಳಿ! ನಿನ್ ಗಂಡ ಮೀನ ಅಳ್ಯಾಕ ಹೋಗ್ಯಾನೇನು ಯವ್ವಾ?"

ಆಫೀಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅವನೇ ಸುಳ್ಳು ಹೇಳಿ ಹೋಗಿದ್ದಾನೆಯೇ? (ಹೆಣ್ಣಿನ ಬುದ್ಧಿ ಮೊದಲು ಅಲ್ಲಿಗೇ ಓಡುತ್ತದೆ. ಗಂಡಿನದು ಓಡುವುದಿಲ್ಲವೇ?)

ನನ್ನ ಮುಖ ನೋಡಿ ಕ್ಲರ್ಕು ನಗು ನಿಲ್ಲಿಸಿದ. "ಮನ್ಯಾಗ ಎಲ್ಲಿ ಕುಂತು ಎಣಿಸ್ದಿ?"

"ಅವನ ಎದುರಿಗೆ."

ಹೇಳಿದ ಮೇಲೆ ನನಗೇ ಕೇಳಿಸಿತು. ಅವನಿಗೆ ನೆಟ್ಟಗಿದ್ದ ನಕಾಶೆ ನನಗೆ ತಲೆಕೆಳಗು. ಮೂರು ವರ್ಷ ತಲೆಕೆಳಗಾಗಿಯೇ ಎಣಿಸಿದ್ದೇನೆ!

ಮೇಜು ಸುತ್ತಿ ಆಚೆ ಬದಿಗೆ ಹೋದೆ. ಕ್ಲರ್ಕು ಕುರ್ಚಿ ಸರಿಸಿ ಜಾಗ ಬಿಟ್ಟ. ಮತ್ತೆ ಎಡಗೈಯಿಂದ ಐದು, ನನ್ನ ಕಡೆಯಿಂದ ಮೂರು. ಬೆರಳು ದೇವದುರ್ಗದ ಕಡೆ ಬಿತ್ತು. ಕ್ಲರ್ಕು ಹತ್ತಿರದ ಹಳ್ಳಿಯ ಹೆಸರು ಓದಿ ಹೇಳಿದ.

"ಚಾ ಕುಡದು ಹೋಗವ್ವಾ."

"ಬಸ್ಸು ಕುಡ್ಯಾಂಗಿಲ್ರೀ. ಅದು ಹೋಗ್ತದ."

ಮಧ್ಯಾಹ್ನ ಹೊಲದ ನಡುವೆ ಬಿಳಿ ಟೆಂಟು ಕಂಡಿತು. ನನ್ನನ್ನು ನೋಡಿ ಅವನ ಕೈಯಿಂದ ಸರಪಳಿ ಜಾರಿತು.

"ಅವ್ವ ಹೋದ್ಲೇನು?"

"ಇಲ್ಲ. ನಿನ್ ಕೈಲೆ ನೀರು ಬೇಕಂತ. ನಡಿ."

ಸ್ವಲ್ಪ ದೂರ ನಡೆದ ಮೇಲೆ ಕೇಳಿದ, "ಈ ಬಯಲಾಗ ನನ್ನ ಹೆಂಗ ಹುಡುಕ್ದಿ?"

"ಬೀಜ ಇಟ್ಟಿದ್ದಿಲ್ಲೇನು?"

ಅವನು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಬೆವರೋ ಏನೋ, ನಾನು ಕೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಅವನು ಚಮಚದಿಂದ ಹಾಕಿದ ನೀರನ್ನು ಅತ್ತೆ ಗುಟುಕು ಗುಟುಕಾಗಿ ಕುಡಿದಳು. ಅರ್ಧ ತಂಬಿಗೆ ಖಾಲಿಯಾಯಿತು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟ್ ತಡಾ ಯಾಕ ಮಾಡ್ದಿ ಬೇ?" ಅಂದಳು. (ಮುಂದೆ ನಾಲ್ಕು ವರ್ಷ ನನ್ನ ಸಾರಿಗೆ ಹೆಸರಿಡುತ್ತಲೇ ಬದುಕಿದಳು.)

ಈಗ ಮೊಮ್ಮಗಳು ಫೋನಿನಲ್ಲಿ ಲೊಕೇಶನ್ ಕಳಿಸುತ್ತಾಳೆ. ನೀಲಿ ಚುಕ್ಕೆ ತಪ್ಪುವುದಿಲ್ಲ. ಒಳ್ಳೆಯದೇ. ಆದರೂ ಒಂದೇ ಸೂರಿನಡಿ ಇರುವ ಗಂಡ ಹೆಂಡತಿ ಒಬ್ಬರಿಗೊಬ್ಬರು ಸಿಗುತ್ತಿಲ್ಲ ಎಂದು ಜನ ನನ್ನ ಮುಂದೆ ಬಂದು ಅಳುತ್ತಾರೆ. ನಾನು ಕೇಳುವುದು ಒಂದೇ: ಎಲ್ಲಿ ಕೂತು ಎಣಿಸುತ್ತಿದ್ದೀರಿ?

ಅತ್ತೆ ನೀರು ಕುಡಿದ ಮರುದಿನ ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿ, ಆ ಇಲಿ ತಿಂದ ಹಾಳೆಯನ್ನು ನಾನೇ ತಂದು ಹಾಸಿದೆ. ಅವನು ತನ್ನ ಜಾಗದಲ್ಲಿ ಕುಳಿತ. ನಾನು ಎದುರಿನ ಜಾಗ ಖಾಲಿ ಬಿಟ್ಟು, ಹೋಗಿ ಅವನ ಮಗ್ಗುಲಿಗೆ ಕುಳಿತೆ.