ವಿಭೂತಿ ಹಚ್ಚಿಕೊಂಡ ಟಿವಿ

ಖರೇ ಹೇಳ್ರಿ, ನಿಮ್ಮ ಮನ್ಯಾಗ ಹಿಂಗ ಆಗ್ಯದೇನು? ಟಿವಿ ಕೆಟ್ಟದ ಅಂತ ಮೆಕ್ಯಾನಿಕ್‌ಗ ಕರಸ್ತೀರಿ. ಅವ ಬಂದು ಮುಟ್ಟಿದ ಕೂಡ್ಲೆ ಅದು ಹೊಸಾ ಮದುಮಗನಂಗ ಲಕಲಕ ಅಂತದ. ಅವ ಚಾ ಕುಡದು ಹೋಗ್ತಾನ, ಮರುದಿನ ಮತ್ತ ಮಬ್ಬ. ನಮ್ಮ ಮನ್ಯಾಗ ಎರಡು ತಿಂಗಳ ಇದೇ ನಡದು, ನನ್ನ ಸಂಸಾರ ಮುರಿಯೋದೊಂದೇ ಬಾಕಿ ಇತ್ತು.

ಎರಡು ಸಾವಿರದ ಇಸ್ವಿ ಆಜುಬಾಜು. ಶಹಾಬಾದದಾಗ ನಮ್ಮ ಮನಿ. ನನ್ನ ಲಗ್ನಕ್ಕ ಚಿಂಚೋಳಿ ಮಾವ ಒಂದು ಬಣ್ಣದ ಟಿವಿ ಕೊಟ್ಟಿದ್ರು. ನಾ ಕೇಳಿದ್ದಿಲ್ಲ. ಬ್ಯಾಡನೂ ಅಂದಿದ್ದಿಲ್ಲ. ಈಗ ಬರೀವಾಗ ಶಾಣ್ಯಾ ಆಗೋದು ಸುಲಭ ಅದ, ಅದಕ್ಕ ಮೊದಲೇ ಒಪ್ಕೊಂಡುಬಿಟ್ಟೆ.

ಆ ಟಿವಿಗಿ ಪಡದಿ ಕೆಳಗ ಹೆಸರಕಾಳಿನಷ್ಟು ಒಂದು ಕರೀ ಗಾಜಿನ ಕಣ್ಣಿತ್ತು. "ಇದು ಖೋಲ್ಯಾಗಿನ ಬೆಳಕ ನೋಡ್ತದರಿ. ಬೆಳಕ ಭಾಳ ಇದ್ರ ಚಿತ್ರ ಜೋರಾಗಿ ಬೆಳಗಸ್ತದ, ಕತ್ತಲಿದ್ರ ತಾನೇ ಕಡಿಮಿ ಮಾಡ್ತದ" ಅಂತ ಅಂಗಡಿಯವ ಮಾವಗ ಹೇಳಿದ್ನಂತ. ಮಾವ ನಮಗ ಹೇಳಿದ್ರು. ನಾ ಓಣಿಗೆಲ್ಲಾ ಹೇಳಿದೆ, ನಾನೇ ಮಾಡಿದವರಂಗ. ಮಂದಿ ಟಿವಿ ನೋಡಲಾಕಲ್ಲ, ಅದರ ಕಣ್ಣ ನೋಡಲಾಕ ಬರ್ತಿದ್ರು. ಬಾಜೂ ಮನಿ ಮುದುಕಿ ಅದರ ಎದುರ ತಲಿ ತುಂಬ ಸೆರಗ ಹೊತ್ಕೊಂಡೇ ಕುಂದರ್ತಿದ್ಲು.

ಹದಿನೈದು ದಿನಕ್ಕ ಟಿವಿ ಮಬ್ಬ ಆಯ್ತು. ಹಗಲ ಹೊತ್ತಿನ್ಯಾಗ ಸುದ್ದಿ ಓದಾಕಿ ಒಲಿ ಹೊಗಿ ಹಿಂದ ಕುಂತಂಗ ಕಾಣ್ತಿದ್ಲು. ಶಹಾಬಾದದಾಗ ಏನು ಕೆಟ್ರೂ ಮೊದಲ ಪರಸಿ ಕಲ್ಲಿನ ಧೂಳಿಗಿ ಬೈತೀವಿ. ಬೈದ್ವಿ. ಆಮ್ಯಾಲ ವೋಲ್ಟೇಜಿಗಿ ಬೈದ್ವಿ. ಎರಡೂ ಮುಗದ ಮ್ಯಾಲ ನಮ್ಮವ್ವ ಬೀಗರ ಕಡಿ ಹೊಳ್ಳಿದ್ಲು.

"ಚಿಂಚೋಳಿ ಮಂದಿ ಕೊಟ್ಟಿದ್ದಾದ್ರೂ ಏನು? ಮಾರಿ ಕಾಣಲಾರದ ಟಿವಿ!"

ನಮ್ಮಾಕಿ ಬಾಯಿ ಸುಮ್ನಿದ್ರೂ ಕೈ ಸುಮ್ನಿರ್ತಿದ್ದಿಲ್ಲ. ಅಕಿ ರೊಟ್ಟಿ ಬಡಿಯೋ ಸಪ್ಪಳ ವಾಡಿ ಸ್ಟೇಷನ್ ತನಕಾ ಕೇಳ್ತಿತ್ತು. "ನಮ್ಮಪ್ಪಗ ಹೆಸರ ಇಡ್ತಾರ, ನೀವು ಬಾಯಿ ಮುಚ್ಕೊಂಡು ಕುಂದರ್ತೀರಿ" ಅಂದ್ಲು. ನಾ ಬಾಯಿ ಮುಚ್ಕೊಂಡೇ ಕುಂತೆ. ಅವ್ವಗ ಅಂದ್ರ ಹೆಂಡ್ತಿ ಗುಲಾಮ, ಹೆಂಡ್ತಿಗಿ ಅಂದ್ರ ರೊಟ್ಟಿ ಬಂದ್.

ಮೆಕ್ಯಾನಿಕ್ ಖಾಜಾಭಾಯಿ ನಾಕು ಸಲ ಬಂದ. ಪ್ರತಿ ಸಲ ಹೆಗಲ ಮ್ಯಾಲಿನ ಅರಿವಿಲೆ ಟಿವಿ ಒರಸ್ತಿದ್ದ, ಹಿಂದ ಬಿಚ್ಚಿ ಒಂದು ಸ್ಕ್ರೂ ತಿರುವತಿದ್ದ, "ಹೋ ಗಯಾ" ಅಂತಿದ್ದ. ಆಗೇ ಬಿಡ್ತಿತ್ತು! "ಇದಕ್ಕ ನನ್ನ ನೋಡಿದ್ರ ಖುಷಿ ಆಗ್ಲಿಕತ್ತದ ಭಾಯ್. ನಿಮ್ಮಲ್ಲೇ ಇರ್ಲೇನು?" ಅಂದ.

ಮಾತು ಚಿಂಚೋಳಿ ಮುಟ್ಟತು. "ಐತವಾರ ಬಂದು ವಾಪಸ್ ಒಯ್ತೀನಿ" ಅಂತ ಮಾವ ಫೋನ್ ಮಾಡಿದ್ರು. "ಟಿವಿ ಹೋಗೋ ಬಸ್ಸಿಗೇ ನಾನೂ ಹೋಗಾಕಿ" ಅಂತ ನಮ್ಮಾಕಿ ಟ್ರಂಕಿಗಿ ಸೀರಿ ತುಂಬಲಿಕತ್ಲು. ಟಿವಿ ಹೋದ್ರ ಹೋಗ್ಲಿ, ಅಕಿ ಹೋದ್ರ?

ಐತವಾರ ಮುಂಜಾನಿ ಮಾವ ಬಂದ್ರು. ಹಿಂದಿನ ದಿನ ಸಂಜೀಕೇ ಖಾಜಾಭಾಯಿ ಕೈ ಆಡಿಸಿ ಹೋಗಿದ್ದ, ಚಿತ್ರ ಛಂದ ಬರ್ಲಿಕತ್ತಿತ್ತು. "ಚಲೋ ಅದಲ್ಲಪಾ!" ಅಂದ್ರು ಮಾವ. ಅಷ್ಟ್ರಾಗ ಅವ್ವ ಪೂಜಿ ಮುಗಿಸಿ ಬಂದ್ಲು. ಬಾಗಲಿಗಿ, ಅಲಮಾರಿಗಿ, ಹೊಲಗಿ ಮಷೀನಿಗಿ ವಿಭೂತಿ ಹಚ್ಕೋತ ಬಂದಾಕಿ, ಟಿವಿ ಕಣ್ಣಿನ ಮ್ಯಾಲೂ ಮೂರು ಬೆರಳ ಎಳದ್ಲು. ದಪ್ಪಗ. ಓಣಿ ಮಂದಿ ನೋಡಲಾಕ ಬರ್ಲಿಕತ್ತಾಗಿಂದ ದಿನಾ ಎಳೀತಿದ್ಲಂತ. ವಿಭೂತಿ ಇಲ್ಲದ ಸಾಮಾನೇ ನಮ್ಮ ಮನ್ಯಾಗ ಇದ್ದಿಲ್ಲ, ಯಾರ ಲಕ್ಷ್ಯ ಹೋಗ್ಬೇಕು?

ಖೋಲಿ ಕತ್ತಲಾಯ್ತು ಅಂತ ತಿಳ್ಕೊಂಡು ಟಿವಿ ನಮ್ಮೆಲ್ಲರ ಎದುರೇ ಮಬ್ಬ ಆಯ್ತು. ಶಿವ ಕಣ್ಣ ತೆಗದ, ಎದುರಿನವ ಭಸ್ಮ ಆದ ಅಂತ ಪುರಾಣದಾಗ ಅದ. ನಮ್ಮಲ್ಲಿ ಉಲ್ಟಾ, ಭಸ್ಮ ಬಂದು ಕಣ್ಣ ಮುಚ್ಚತು.

ಮಾವ ಟಿವಿ ನೋಡಿದ್ರು, ಅವ್ವನ ಬೆರಳ ನೋಡಿದ್ರು, ನನ್ನ ನೋಡಿದ್ರು. ನಾ ಫ್ಯಾನ್ ನೋಡಿದೆ. ಹೆಣ್ಣ ಕೊಟ್ಟವ್ರು ಬೀಗತಿಗಿ "ತಪ್ಪು ನಿಮ್ದು" ಅನ್ನಂಗಿಲ್ಲ.

"ಇದಕ್ಯಾಕ ಹಚ್ಚತೀರಿ ಅಕ್ಕಾರ?" ಅಂತ ಮೆಲ್ಲಕ ಕೇಳಿದ್ರು.

"ಮತ್ತ? ಊರ ಮಂದಿ ಕೆಟ್ಟ ಕಣ್ಣು, ನದರೆಲ್ಲಾ ಇದ್ರ ಮ್ಯಾಲೇ ಅದ. ಸೊಸಿ ತವರಮನಿ ವಸ್ತ, ಏನರ ಆದ್ರ ನಾಳಿ ನಿಮಗೇನು ಹೇಳ್ಲಿ?" ಅಂದ್ಲು ಅವ್ವ.

ಎರಡು ತಿಂಗಳ ಬೈಕೋತ ಬೈಕೋತ ಆ ಟಿವಿ ಕಾಯ್ದಾಳ್ರಿ ನಮ್ಮವ್ವ!

ನಮ್ಮಾಕಿ ಎದ್ದು ಸೆರಗಿಲೆ ಕಣ್ಣ ಒರಸಿದ್ಲು. ಟಿವೀದು ಮೊದಲ, ತನ್ನದು ಆಮ್ಯಾಲ. "ಅತ್ತಿ, ಅಲ್ಲಿ ಹಚ್ಚಿದ್ರ ಅದು ಕಣ್ಣ ಮುಚ್ಚಿ ಧ್ಯಾನಕ್ಕ ಕುಂದರ್ತದ್ರಿ. ನೆತ್ತಿ ಮ್ಯಾಲ ಹಚ್ರಿ, ನಮ್ಮ ಜೋಡಿ ಎಚ್ಚರ ಇರ್ತದ" ಅಂದ್ಲು. ಟಿವಿ ಝಗ್ಗಂತ ಬೆಳಗತು. ಅವ್ವ ಅದನ್ನ ನೋಡಿದ್ಲು, ಬೆರಳ ನೋಡ್ಕೊಂಡ್ಲು, ತಿಳೀತು. ತಿಳದ ಕೂಡ್ಲೆ ನನ್ನ ಕಡಿ ಹೊಳ್ಳಿ, "ದಿನಾ ಪೇಪರ್ ಓದ್ತೀ, ಇಷ್ಟು ಹೇಳಲಾಕ ನಿನಗೇನು ಧಾಡಿ ಆಗಿತ್ತು?" ಅಂದ್ಲು. ಬೀಗರು, ಸೊಸಿ, ಅತ್ತಿ ಮೂರೂ ಮಂದಿ ಕೂಡಿ ನಕ್ರು. ಅವತ್ತಿಂದ ಮೂವರೂ ಒಂದೇ ಪಾರ್ಟಿ, ನಾ ಒಬ್ಬನೇ ವಿರೋಧ ಪಕ್ಷ.

ಆ ಕಣ್ಣು "ನನ್ನ ಮ್ಯಾಲ ಏನೋ ಕುಂತದ" ಅಂತ ಒಂದಿನಾನೂ ಅನ್ನಲಿಲ್ಲ ನೋಡ್ರಿ, "ಮನ್ಯಾಗೇ ಬೆಳಕಿಲ್ಲ" ಅಂತು. ಅದಕ್ಯಾಕ ಬೈಬೇಕು, ನಾವೂ ನಮ್ಮ ಕೈ ನೋಡ್ಕೊಳ್ಳಲಾರದ ಬೀಗರಿಗಿ ಹಂಗೇ ಅಂದಿದ್ವಿ.

ನಿಮ್ಮ ಮನ್ಯಾಗೂ ಯಾರದರ ಬೈಗಳದ ಕೆಳಗ ಇಂಥಾ ಮಾಯಾ, ಪ್ರೀತಿ ಸಿಕ್ಕಿದ್ರ ಕಾಮೆಂಟಿನ್ಯಾಗ ಬರೀರಿ, ಸಂಕೋಚ ಬ್ಯಾಡ. ಅತ್ತಿ ಪರವಾಗಿ ಒಂದು ಬರದ್ರ ಸೊಸಿ ಪರವಾಗೂ ಒಂದು ಬರೀರಿ. ನಮ್ಮ ಮನ್ಯಾಗ ಇಬ್ರೂ ಓದ್ತಾರ.