ಅಯ್ಯನವರು ಹೇಳಿ ಬರೆಸಿದ ಪತ್ರ

ಬೆಳಿಗ್ಗೆ ಮಿಷನ್ ಕಾಂಪೌಂಡಿನ ಗೇಟು ದಾಟಿ ಬರುವಾಗ ಅಯ್ಯನವರ ಹಣೆಯ ಮೇಲೆ ವಿಭೂತಿ ಮೂರು ಗೆರೆಯಾಗಿ ಎದ್ದು ಕಾಣುತ್ತಿತ್ತು. ಮಧ್ಯಾಹ್ನ ಮನೆಗೆ ಹೊರಡುವ ಹೊತ್ತಿಗೆ ಆದೋನಿಯ ಬಿಸಿಲಿಗೆ ಅದು ಬೆವರಿನಲ್ಲಿ ಕರಗಿ, ಹುಬ್ಬಿನ ಕೂದಲಿಗೆ ಬೆಳ್ಳಗೆ ಮೆತ್ತಿಕೊಂಡಿರುತ್ತಿತ್ತು. ಶಿಲುಬೆಯ ಕೆಳಗೆ ಕುಳಿತು ಹಾಡುವ ನಮ್ಮ ನಡುವೆ ವಿಭೂತಿ ಹಚ್ಚಿಕೊಂಡು ಬರುತ್ತಿದ್ದವರು ಅವರೊಬ್ಬರೇ. ನಮ್ಮಂಥ ಹುಡುಗಿಯರಿಗೆ ಕನ್ನಡ ಕಲಿಸಲು, ಮಿಷನ್ ನಡೆಸುತ್ತಿದ್ದ ಬಿಳಿಯ ದೊರೆಸಾನಿಯವರಿಗೂ ಕನ್ನಡ ಕಲಿಸಲು, ಹನ್ನೆರಡು ವರ್ಷದಿಂದ ಬರುತ್ತಿದ್ದರು. ಕುಡಿಯುವ ನೀರನ್ನು ಮನೆಯಿಂದಲೇ ತಂಬಿಗೆಯಲ್ಲಿ ತರುತ್ತಿದ್ದರು. ನಮ್ಮ ನೋಟುಪುಸ್ತಕವನ್ನು ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ನಾವು ಬೆಂಚಿನ ಮೇಲೆ ಇಟ್ಟು ಹಿಂದೆ ಸರಿದ ಮೇಲೆ ಎತ್ತಿಕೊಳ್ಳುತ್ತಿದ್ದರು. ಅದು ನಮಗೆ ಹೊಸದೇನಲ್ಲ. ಹುಟ್ಟಿದಾಗಿನಿಂದ ಕಂಡದ್ದೇ.

ಯುದ್ಧದ ದಿನಗಳು. ಸೀಮೆಎಣ್ಣೆ ಇಲ್ಲ, ಕಾಗದ ಇಲ್ಲ. ನಾವು ಒಂಬತ್ತು ಹುಡುಗಿಯರು ಆ ಗೋಡೆಯೊಳಗೆ ಎರಡು ವರ್ಷದ ತರಬೇತಿಗೆ ಸೇರಿದ್ದೆವು. ಒಟ್ಟಾಗಿ ಬಾಳುವ ಆ ಕಟ್ಟುಪಾಡಿಗೆ ‘ಅನ್ಯೋನ್ಯತೆ’ ಎಂದು ಹೆಸರು. ಮುಗಿಸಿದವರಿಗೆ ಹಳ್ಳಿಯ ಶಾಲೆಯಲ್ಲಿ ಟೀಚರ್ ಕೆಲಸ. ನನಗೆ ಆಗ ಹತ್ತೊಂಬತ್ತು. ಬೆಳಗಲ್ಲಿನ ಹತ್ತಿರ ನಮ್ಮ ಹಳ್ಳಿ. ಅಪ್ಪ ಕಾಲರಾದಲ್ಲಿ ಹೋದ ಮೇಲೆ ಅಮ್ಮ ಕೂಲಿ ಮಾಡಿ ಸಾಕಿದ್ದಳು. ನಮ್ಮೂರಿನ ಸಭೆಯ ಉಪದೇಶಿಗಳು ನನ್ನನ್ನು ಕರೆತಂದು ಸೇರಿಸಿದರು. ಪರೀಕ್ಷೆ ಮುಗಿಯುವ ತನಕ ಮಗಳನ್ನು ಕರೆಸಿಕೊಳ್ಳುವುದಿಲ್ಲವೆಂದು ಬರೆದ ಕಾಗದಕ್ಕೆ ಅಮ್ಮ ಹೆಬ್ಬೆಟ್ಟು ಒತ್ತಿದ್ದಳು.

ಗಂಟೆ ಹೊಡೆದಾಗ ಏಳಬೇಕು, ಗಂಟೆ ಹೊಡೆದಾಗ ಉಣ್ಣಬೇಕು. ನೀರು ಸೇದುವುದು, ಪ್ರಾರ್ಥನೆ, ಪಾಠ, ಹೊಲಿಗೆ. ಸಂಜೆ ಗುಂಪಾಗಿ ಕೇರಿಗೆ ಹೋಗಿ ಹಾಡಿ ಗುಂಪಾಗಿಯೇ ಮರಳಬೇಕು. ಆಮೇಲೆ ದುಂಡಗೆ ಕುಳಿತು ಒಬ್ಬೊಬ್ಬರೂ ಆ ದಿನದ ತಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು, ಸಹೋದರಿಯ ಒಂದು ತಪ್ಪನ್ನು ಪ್ರೀತಿಯಿಂದ ತೋರಿಸಬೇಕು. ಕೆಲವು ದಿನ ತಪ್ಪೇ ಸಿಗದೆ ನಾನು ಹುಟ್ಟಿಸಿ ಹೇಳುತ್ತಿದ್ದೆ. ಮರುದಿನ ಸುಳ್ಳು ಹೇಳಿದ್ದನ್ನೇ ತಪ್ಪೆಂದು ಒಪ್ಪಿಕೊಳ್ಳುತ್ತಿದ್ದೆ. ಯಾರೂ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಆದರೂ ಗೋಡೆಯಾಚೆ ಹತ್ತಿಯ ಗಾಡಿಗಳು ಹೋಗುವ ಸಪ್ಪಳ ಕೇಳಿದರೆ ಅವು ಯಾವ ಊರಿನ ಕಡೆಯವೆಂದು ಕಿವಿಗೊಡುತ್ತಿದ್ದೆ.

ಅಯ್ಯನವರು ನಮ್ಮ ಪ್ರಾರ್ಥನೆ ಮುಗಿಯುವ ತನಕ ಹೊರಗಿನ ಕಟ್ಟೆಯ ಮೇಲೆ ಕಾಯುತ್ತಿದ್ದರು. ಒಳಗೆ ಬಂದರೆ ಬೇರೆ ಮನುಷ್ಯ. ಒತ್ತಕ್ಷರ ನುಂಗಿದವರಿಗೆ, “ಕಾಲು ಮುರಿದ ಅಕ್ಷರ ಹ್ಯಾಂಗ ನಡೀತೈತವಾ?” ಎನ್ನುತ್ತಿದ್ದರು. ಮಾರುಕಟ್ಟೆಯ ತೆಲುಗು ನಮ್ಮ ಬಾಯಲ್ಲಿ ನುಸುಳಿದರೆ ಸಿಟ್ಟಾಗದೆ ಅದರ ಕನ್ನಡ ಹೇಳಿ, ಎರಡನ್ನೂ ಇಟ್ಟುಕೊಳ್ಳಿ, ಎರಡೂ ಅನ್ನ ಹಾಕುತ್ತವೆ ಎನ್ನುತ್ತಿದ್ದರು. ಆ ಒಂದು ತಾಸಿನಲ್ಲಿ ನಮ್ಮ ತಪ್ಪುಗಳೆಲ್ಲ ಬರಿಯ ಕಾಗುಣಿತದ ತಪ್ಪುಗಳು. ಕೆಂಪು ಮಸಿಯಲ್ಲಿ ತಿದ್ದಿದರೆ ಮುಗಿಯಿತು.

ಅವರಿಗೆ ಇನ್ನೊಂದು ಕೆಲಸವಿತ್ತು. ನಮಗೆ ಬಂದ ಪತ್ರಗಳು ಮೊದಲು ದೊರೆಸಾನಿಯವರ ಮೇಜಿಗೆ ಹೋಗುತ್ತಿದ್ದವು. ಅವರು ಅಚ್ಚಿನ ಅಕ್ಷರ ಓದಬಲ್ಲರು, ನಮ್ಮ ದುಂಡಗಿನ ಬರಹವನ್ನೂ ಓದಬಲ್ಲರು. ಹಳ್ಳಿಯವರು ಕೂಡಿಸಿ ಗೀಚಿದ್ದು ತಿಳಿಯುತ್ತಿರಲಿಲ್ಲ. ಅದನ್ನು ಅಯ್ಯನವರು ಓದಿ ಹೇಳಬೇಕು. ಕೊಡುವುದೋ ಬಿಡುವುದೋ ದೊರೆಸಾನಿಯವರ ತೀರ್ಮಾನ. ಅವರು ಕೆಟ್ಟವರಲ್ಲ. ನನಗೆ ಚಳಿಜ್ವರ ಬಂದಾಗ ಮೂರು ದಿನ ಪಕ್ಕದಲ್ಲೇ ಕುಳಿತಿದ್ದರು. ಆದರೆ ನಡುವೆ ಊರಿಗೆ ಹೋದ ಹುಡುಗಿಯರು ಮದುವೆಯಾಗಿ ಮತ್ತೆ ಬರುವುದಿಲ್ಲವೆಂಬುದು ಅವರ ಭಯ.

ಪರೀಕ್ಷೆಗೆ ಮೂರು ವಾರವಿದ್ದಾಗ, ಒಂದು ಗುರುವಾರ, ಅಯ್ಯನವರು ಪಾಠದ ಪುಸ್ತಕ ತೆರೆಯಲೇ ಇಲ್ಲ. ಉಕ್ತಲೇಖನ, ನೋಟುಪುಸ್ತಕ ತೆಗೆಯಿರಿ ಎಂದರು. “ಒಂದಕ್ಷರನೂ ಬಿಡಬ್ಯಾಡ್ರಿ,” ಎಂದು ಕಿಟಕಿಯ ಕಡೆ ತಿರುಗಿ ನಿಂತು ಹೇಳತೊಡಗಿದರು.

“ಇಲ್ಲಿ ಮಳೆ ಇಲ್ಲ. ಬಾವಿಯ ಹತ್ತಿರದ ಜಾಲಿ ಮರವನ್ನು ಕಡಿದರು. ಮೋಟು ಕಿವಿಯ ಆಡು ಎರಡು ಮರಿ ಹಾಕಿದೆ.”

ಆಡಿನ ಮಾತು ಕೇಳಿ ಹುಡುಗಿಯರು ನಕ್ಕರು. ನನ್ನ ಪೆನ್ಸಿಲು ನಿಂತಿತು. ಆ ಆಡಿನ ಕಿವಿ ನಾಯಿ ಕಚ್ಚಿ ಮೋಟಾದಾಗ ಅರಿಸಿನ ಹಚ್ಚಿದವಳು ನಾನೇ.

“ಹೊಟ್ಟೆಯ ಗಡ್ಡೆ ದೊಡ್ಡದಾಗಿದೆ. ಗಂಜಿಯೂ ಇಳಿಯುವುದಿಲ್ಲ. ಸಣ್ಣಾಕಿ, ನಿನ್ನ ಮುಖ ಒಂದು ಸಲ ನೋಡಬೇಕು.”

ಸಣ್ಣಾಕಿ ಎಂದು ಅಮ್ಮ ಕರೆಯುತ್ತಿದ್ದುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಯ್ಯನವರು ಆ ವಾಕ್ಯವನ್ನು ಎರಡು ಸಲ ಹೇಳಿದರು. ಎಲ್ಲರೂ ಬರೆದರು. ನಾನೂ ಬರೆದೆ, ಅಕ್ಷರ ಕಾಣದಿದ್ದರೂ. ಅವರು ಪುಸ್ತಕಗಳನ್ನು ಎತ್ತಿಕೊಂಡು, ತಿದ್ದಿ, ಬೆಂಚಿನ ಮೇಲಿಟ್ಟು, ನನ್ನ ಕಡೆ ನೋಡದೆ ಹೊರಟುಹೋದರು. ಆ ನೋಟುಪುಸ್ತಕಗಳು ಶನಿವಾರ ದೊರೆಸಾನಿಯವರ ಮೇಜಿಗೆ ಹೋಗುತ್ತವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಾನು ದೊರೆಸಾನಿಯವರ ಬಳಿ ಹೋಗಿ ಊರಿಗೆ ಹೋಗಬೇಕೆಂದೆ. ಯಾಕೆ ಎಂದು ಕೇಳಿದರು. ಅಮ್ಮನಿಗೆ ಹುಷಾರಿಲ್ಲವೆಂದೆ. ಯಾರು ಹೇಳಿದರೆಂದು ಕೇಳಿದರು. ಕನಸು ಬಿತ್ತೆಂದೆ. ಅವರ ಮುಖ ಕೆಂಪಾಯಿತು, ಆದರೆ ದನಿ ಏರಲಿಲ್ಲ. ಕನಸು ಸೈತಾನನಿಂದಲೂ ಬರಬಹುದು, ಪರೀಕ್ಷೆ ಮುಗಿಯಲಿ, ನಾನೇ ಗಾಡಿ ಮಾಡಿ ಕಳಿಸುತ್ತೇನೆ ಎಂದರು. ಪತ್ರ ಅವರ ಮೊಣಕೈಯ ಕೆಳಗೆ ಫೈಲಿನಲ್ಲಿತ್ತು. ಅಮ್ಮನ ಪರವಾಗಿ ಬರೆದ ಉಪದೇಶಿಗಳ ಕೈಬರಹದ ಬಾಲ ಹೊರಗೆ ಇಣುಕುತ್ತಿತ್ತು.

ಮರುದಿನ ಮಧ್ಯಾಹ್ನ ನೀರಿನ ಬಂಡಿಗೆಂದು ಗೇಟು ತೆರೆದಾಗ ನಾನು ಬಂಡಿಯ ಪಕ್ಕದಲ್ಲಿ ನಡೆದು ಹೊರಗೆ ಬಂದೆ. ಎಮ್ಮಿಗನೂರಿಗೆ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸು. ದಾರಿಯಲ್ಲಿ ಎರಡು ಸಲ ನಿಂತಿತು. ಅಲ್ಲಿಂದ ಊರಿಗೆ ನಡೆದೆ. ಅಮ್ಮ ಹನ್ನೊಂದು ದಿನ ಬದುಕಿದಳು. ಒಂದು ದಿನ ಎದ್ದು ಕುಳಿತು ನನ್ನ ತಲೆ ಬಾಚಿದಳು.

ಮಣ್ಣು ಮಾಡಿದ ಮೇಲೆ ಎಲ್ಲಿಗೆ ಹೋಗಲಿ? ಉಪದೇಶಿಗಳು ನನ್ನನ್ನು ಮತ್ತೆ ಅದೇ ಗೇಟಿನೊಳಗೆ ಕರೆತಂದು ಬಿಟ್ಟರು. ಎಲ್ಲರೆದುರು ನಿಂತು ಅವಿಧೇಯತೆಯ ತಪ್ಪನ್ನು ಒಪ್ಪಿಕೊಂಡೆ. ದೊರೆಸಾನಿ ನನ್ನನ್ನು ತಬ್ಬಿಕೊಂಡು ಅತ್ತರು. ಕನ್ನಡ ಪಾಠಕ್ಕೆ ಬೇರೆ ಮೇಷ್ಟ್ರು ಬಂದಿದ್ದರು. ಶನಿವಾರ ನಡೆದದ್ದನ್ನು ಅಡಿಗೆಯಾಕೆ ಹೇಳಿದಳು. ದೊರೆಸಾನಿ ನೋಟುಪುಸ್ತಕ ಮುಂದಿಟ್ಟು ಕೇಳಿದಾಗ ಅಯ್ಯನವರು, ಹೌದು, ಬೇಕೆಂದೇ ಬರೆಸಿದೆ ಎಂದರಂತೆ. ತಂಬಿಗೆ ಎತ್ತಿಕೊಂಡು ಹೊರಟರಂತೆ.

ಪರೀಕ್ಷೆ ಪಾಸಾಗಿ, ಮುಂದಿನ ವರ್ಷ ನಮ್ಮ ಕಡೆಯ ಹಳ್ಳಿಯಲ್ಲೇ ನನಗೆ ಶಾಲೆ ಸಿಕ್ಕಿತು. ಸೇರುವ ಮೊದಲು ಅವರ ಮನೆ ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಏಳೆಂಟು ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಬಹಳ ಸೊರಗಿದ್ದರು. ನಾನು ಬೀದಿಯಲ್ಲೇ ನಿಂತು, ನನ್ನಿಂದ ನಿಮ್ಮ ಕೆಲಸ ಹೋಯಿತು ಎಂದೆ. ಅವರು ಮಕ್ಕಳನ್ನು ಕಳಿಸಿ ಜಗಲಿಯ ಅಂಚಿಗೆ ಬಂದು ಕುಳಿತರು.

“ನಿನ್ನಿಂದಲ್ಲ ತಂಗಿ. ನಿನಗಿಂತ ಮದಲು ಮಾಧವರಂ ಊರಿನಾಕಿ ಒಬ್ಬಾಕಿ ಇದ್ಲು. ಆಕಿ ಅಪ್ಪ ಸತ್ತ ಕಾಗದ ನಾನ ಓದಿದ್ದೆ. ಪರೀಕ್ಷಾ ಮುಗಿಯೋ ತನಕ ಹೇಳಬ್ಯಾಡ ಅಂತ ದೊರೆಸಾನಿ ಅಂದ್ರು, ಸುಮ್ಮನಾದೆ. ಮೂರು ತಿಂಗಳು. ಆಕಿ ದಿನಾ ಅಪ್ಪಗ ಆರಾಮಾಗಲಿ ಅಂತ ಪ್ರಾರ್ಥನಾ ಮಾಡ್ತಿದ್ಲು. ನಾನು ಹೊರಗ ಕಟ್ಟಿ ಮ್ಯಾಲೆ ಕುಂತು ಕೇಳ್ತಿದ್ದೆ.”

ಅವಳು ಈಗ ಮಾಧವರಂ ಶಾಲೆಯಲ್ಲೇ ಇದ್ದಾಳಂತೆ, ಎಂದಾದರೂ ಕಂಡರೆ ಇದನ್ನು ಹೇಳು ಎಂದರು. ಕ್ಷಮೆ ಕೇಳು ಎನ್ನಲಿಲ್ಲ. ಬರೀ ಹೇಳು ಎಂದರು.

ಹೊಸ ಕೆಲಸ, ಇನ್ಸ್‌ಪೆಕ್ಟರರ ಭೇಟಿ ಎಂದುಕೊಂಡು ನಾಲ್ಕು ತಿಂಗಳು ಕಳೆದೆ. ಕ್ರಿಸ್‌ಮಸ್ ರಜೆಯಲ್ಲಿ ಮಾಧವರಂಗೆ ಹೋದೆ. ಆಕೆ ಮಕ್ಕಳ ಸ್ಲೇಟುಗಳಿಗೆ ಗೆರೆ ಎಳೆಯುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು, ಗೆರೆ ಎಳೆಯುವುದನ್ನು ನಿಲ್ಲಿಸಲಿಲ್ಲ. ಕೊನೆಯ ಸ್ಲೇಟನ್ನು ಕೆಳಗಿಟ್ಟು, “ನನಗ ಆವಾಗನ ಗೊತ್ತಿತ್ತು ಅಂತ ಅವರಿಗೆ ಹೇಳು,” ಎಂದಳು.

ನಿಜವಾಗಿಯೂ ಗೊತ್ತಿತ್ತೇ ಎಂದು ಕೇಳಿದೆ. ಅವಳು ಊರಂಚಿನ ನದಿಯ ಕಡೆ ನೋಡಿದಳು. “ಹಂಗ ಹೇಳು ಸಾಕು,” ಎಂದಳು.

ಆ ಮಾತನ್ನು ಹೊತ್ತು ಆದೋನಿಗೆ ಬಂದೆ. ಜಗಲಿ ಖಾಲಿಯಿತ್ತು. ಒಂಬತ್ತು ದಿನದ ಹಿಂದೆ ಅಯ್ಯನವರು ತೀರಿಕೊಂಡಿದ್ದರು. ಅವರ ಹೆಂಡತಿ ಹೊರಗೆ ಬಂದು ನೀನು ಯಾರವ್ವಾ ಎಂದು ಕೇಳಿದರು. ಅವರ ಶಿಷ್ಯೆ ಎಂದೆ. ಏನಾದರೂ ಹೇಳುವುದಿತ್ತೇ ಎಂದರು. ನಾನು ಇಲ್ಲವೆಂದೆ.