ನಾಲ್ಕು ಜನರ ನಡುವೆ ಊಟ

ಟೈಲರಮ್ಮನಿಗೆ ಮದುವೆಯಾದಾಗ ಐವತ್ತು ಹತ್ತಿರವಾಗಿತ್ತು. ಸುದ್ದಿ ಕೇಳಿ ಬೀದಿಯವರೆಲ್ಲ ಹುಬ್ಬೇರಿಸಿದರು. ವರ ಲಿಫ್ಟ್ ಮೇಸ್ತ್ರಿ ಎಂದು ತಿಳಿದ ಮೇಲೆ, "ಓ, ಆ ನಗೋ ಮನುಷ್ಯನಾ? ಒಳ್ಳೇದಾಯ್ತು ಬಿಡಿ" ಎಂದರು. ಮೇಸ್ತ್ರಿ ನಕ್ಕರೆ ಮೂರನೇ ಮಹಡಿಯಲ್ಲಿದ್ದವರಿಗೂ ಕೇಳಿಸುತ್ತಿತ್ತು. ಟೈಲರಮ್ಮನ ಅಂಗಡಿ ಇದ್ದದ್ದು ಆತ ಲಿಫ್ಟ್ ನೋಡಿಕೊಳ್ಳುತ್ತಿದ್ದ ಕಟ್ಟಡದ ಮೆಟ್ಟಿಲ ಕೆಳಗೆ. ಲಿಫ್ಟ್ ರಿಪೇರಿಗೆ ಬಂದವನು ಕಂಬಿಗೆ ಸಿಕ್ಕಿಸಿಕೊಂಡು ಪ್ಯಾಂಟು ಹರಿದುಕೊಂಡಿದ್ದ. ಹೊಲಿಸಿಕೊಳ್ಳಲು ಬಂದ. ಆಮೇಲೆ ಹರಿಯದ ಬಟ್ಟೆಗಳನ್ನೂ ತರತೊಡಗಿದ. ಆತನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಇವಳಿಗೆ ಮದುವೆಯ ಯೋಚನೆಯೇ ಬಿಟ್ಟುಹೋಗಿತ್ತು. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಹೊರಗೆ ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕಿದ್ದರು.

ಟೈಲರಮ್ಮನ ಬಗ್ಗೆ ನೆಂಟರಲ್ಲಿ ಒಂದು ಹೊಗಳಿಕೆ ಇತ್ತು. ಯಾರ ಮನೆಯ ಸಮಾರಂಭವಾದರೂ ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಲ್ಲುವವಳು ಅವಳು. "ಎಲ್ಲರದ್ದೂ ಆಗ್ಲಿ, ನಂದೇನು" ಎನ್ನುವಳು. ಕೊನೆಗೆ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಎರಡು ತುತ್ತು ತಿಂದು ಹೊರಡುವಳು. ಎಂಥ ತ್ಯಾಗದ ಜೀವ ಎಂದು ಸೋದರತ್ತೆ, ಚಿಕ್ಕಮ್ಮಂದಿರು ಕೊಂಡಾಡುತ್ತಿದ್ದರು. ತ್ಯಾಗವೂ ಇಲ್ಲ, ಮಣ್ಣೂ ಇಲ್ಲ. ನಾಲ್ಕು ಜನರ ಎದುರು ಬಾಯಿ ಆಡಿಸುವುದೆಂದರೆ ಅವಳಿಗೆ ಜೀವ ಹೋದಂತಾಗುತ್ತಿತ್ತು, ಅಷ್ಟೇ. ಅಂಗಡಿಯಲ್ಲೂ ಮಧ್ಯಾಹ್ನ ಶಟರ್ ಅರ್ಧ ಎಳೆದು, ಹೊಲಿಗೆ ಯಂತ್ರದ ಹಿಂದೆ ಕೂತು ಡಬ್ಬಿ ಬಿಚ್ಚುವಳು. ಹೋಟೆಲಿನಿಂದ ಏನಾದರೂ ಬೇಕೆನಿಸಿದರೆ ಪಾರ್ಸಲ್. ಮದುವೆಯ ಹೊಸದರಲ್ಲಿ ಗಂಡನ ಎದುರು ಊಟ ಮಾಡಲೂ ಅವಳಿಗೆ ಕಷ್ಟವೇ ಆಗಿತ್ತು. ಆದರೆ ಆತ ಊಟಕ್ಕೆ ಕೂತರೆ ತಟ್ಟೆಯಿಂದ ತಲೆ ಎತ್ತುವ ಪೈಕಿಯಲ್ಲ. ಹಾಗಾಗಿ ಬರಬರುತ್ತಾ ಅಭ್ಯಾಸವಾಯಿತು. ಮೇಸ್ತ್ರಿಗೆ ಇದಾವುದರ ಸುಳಿವೂ ಇರಲಿಲ್ಲ.

ಆತನ ಜೊತೆ ಕೆಲಸ ಮಾಡುವವರು ಸೇರಿ ಮದುವೆಯ ಉಡುಗೊರೆಯೆಂದು ಒಂದು ದ್ವೀಪಕ್ಕೆ ದೋಣಿಯ ಟಿಕೆಟ್ಟು, ಅಲ್ಲಿನ ಒಂದು ವಸತಿಗೃಹದಲ್ಲಿ ಕೋಣೆ ಕೊಡಿಸಿದರು. ಕೋಣೆ ಚೆನ್ನಾಗಿತ್ತು. ನೀಲಿ ಬಣ್ಣದ ಕಿಟಕಿ ಬಾಗಿಲುಗಳು, ಕಾಲು ಚಾಚಿದರೆ ಕಿರುಗುಟ್ಟುವ ಮಂಚ, ಸಮುದ್ರದ ಕಡೆಗೊಂದು ಪುಟ್ಟ ಬಾಲ್ಕನಿ. ಬಾಗಿಲ ಹಿಂದೆ ಮಾತ್ರ ದೊಡ್ಡ ಅಕ್ಷರದಲ್ಲಿ ಒಂದು ಸೂಚನೆ: ಕೋಣೆಯೊಳಗೆ ತಿಂಡಿ ಊಟ ತರಬಾರದು, ಇರುವೆ ಬರುತ್ತವೆ.

ಟೈಲರಮ್ಮ ಅದನ್ನು ಎರಡೆರಡು ಸಲ ಓದಿದಳು. ಮೇಸ್ತ್ರಿ ಕೈ ಉಜ್ಜಿಕೊಂಡ. "ತರೋದ್ಯಾಕೆ? ದಡದ ಉದ್ದಕ್ಕೂ ಹೋಟೆಲೇ ಇವೆ. ಒಂದೊಂದು ಹೊತ್ತಿಗೆ ಒಂದೊಂದು ಕಡೆ ಹೋಗೋಣ!"

ಅಂದು ಸಂಜೆ ಮೊದಲನೇ ಹೋಟೆಲು. ಮರಳಿನ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು, ಕೂತರೆ ಕಾಲು ಮರಳೊಳಗೆ ಇಳಿಯುತ್ತಿದ್ದವು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ಮೀನುಗಳ ಹೆಸರು. ಮೇಸ್ತ್ರಿ ಎಲ್ಲರ ಮುಂದಿನ ಮೇಜನ್ನೇ ಹಿಡಿದ. ಬೀದಿಯಲ್ಲಿ ಓಡಾಡುವವರೆಲ್ಲ ಅವರ ತಟ್ಟೆ ನೋಡಿಕೊಂಡೇ ಹೋಗಬೇಕು.

"ನನಗೆ ನಿಂಬೆ ಶರಬತ್ತು ಸಾಕು ರೀ. ದೋಣೀಲಿ ಹೊಟ್ಟೆ ತೊಳಸಿದ ಹಾಗಾಯ್ತು" ಎಂದಳು ಟೈಲರಮ್ಮ.

ಮೇಸ್ತ್ರಿ ಇಡೀ ಮೀನೊಂದನ್ನು ಮುಗಿಸಿದ. ಕೆಂಡದ ಮೇಲೆ ಸುಟ್ಟು, ಮೇಲೆ ಬೆಳ್ಳುಳ್ಳಿ, ನಿಂಬೆರಸ ಸುರಿದ ಮೀನು. ಅದರ ಘಮಕ್ಕೆ ಅವಳ ಹೊಟ್ಟೆ ತಾಳ ಹಾಕುತ್ತಿತ್ತು. ಅವಳು ಶರಬತ್ತಿನ ಲೋಟದಲ್ಲಿದ್ದ ಬೀಜಗಳನ್ನು ಚಮಚದಿಂದ ಅತ್ತಿತ್ತ ಓಡಿಸುತ್ತ ಕೂತಳು. ಊಟ ಮುಗಿಸಿದವನು ಔಷಧಿ ಅಂಗಡಿ ಹುಡುಕಿಕೊಂಡು ಹೋಗಿ ಹೊಟ್ಟೆಗೊಂದು ಮಾತ್ರೆ ತಂದ. ಸುಳ್ಳಿನ ನೋವಿಗೆ ನಿಜವಾದ ಮಾತ್ರೆ ನುಂಗಬೇಕಾಯಿತು.

ಮರುದಿನ ಮೇಸ್ತ್ರಿ ಈಜಲು ಹೋದಾಗ ಅವಳು ಬೇಕರಿಯಿಂದ ಬನ್ನು ತಂದು ಕಿಟಕಿ ಮುಚ್ಚಿ ತಿಂದಳು. ಉಳಿದದ್ದನ್ನು ಸೂಟ್‌ಕೇಸಿನಲ್ಲಿ ಸೀರೆಗಳ ಮಧ್ಯೆ ಬಚ್ಚಿಟ್ಟಳು. ಮಧ್ಯಾಹ್ನದ ಹೋಟೆಲಿನಲ್ಲಿ ಮತ್ತೆ ಶರಬತ್ತು. ವಾಪಸು ಬಂದು ನೋಡಿದರೆ ವಸತಿಗೃಹದ ಯಜಮಾನಿ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ.

"ಬಾಗಿಲ ಹಿಂದೆ ಬರೆದಿದ್ದು ಅಂದಕ್ಕಲ್ಲ ಕಣಮ್ಮ" ಎಂದಳು. ಬಾಲ್ಕನಿಯಿಂದ ಗೋಡೆ, ಗೋಡೆಯಿಂದ ಮಂಚದ ಕಾಲು, ಅಲ್ಲಿಂದ ಸೂಟ್‌ಕೇಸು. ಇರುವೆಗಳು ದಾರದ ಹಾಗೆ ಸಾಲು ಹಿಡಿದಿದ್ದವು. ಮೇಸ್ತ್ರಿಯೇ ಸೂಟ್‌ಕೇಸು ತೆರೆದ. ಬನ್ನು ಸಿಕ್ಕಿತು.

ಯಜಮಾನಿ ಗುಡಿಸಿ ಹೋದ ಮೇಲೆ ಮೇಸ್ತ್ರಿ ಮಂಚದ ತುದಿಯಲ್ಲಿ ಕೂತ. ನಗುವ ಮನುಷ್ಯ ನಗದೆ ಕೂತದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ನಾನು ಗಬಗಬ ಅಂತ ತಿಂತೀನಿ, ಸದ್ದು ಮಾಡ್ತೀನಿ, ಗೊತ್ತು ನನಗೆ" ಎಂದ. "ನನ್ನ ಜೊತೆ ಹೊರಗೆ ಕೂತು ಊಟ ಮಾಡೋಕೆ ನಾಚಿಕೆ ಆಗುತ್ತಾ? ಹೇಳಿಬಿಡು. ನಿಧಾನಕ್ಕೆ ತಿಂತೀನಿ."

ಟೈಲರಮ್ಮ ಆತನ ಪಕ್ಕ ಬಂದು ಕೂತಳು. "ಅಯ್ಯೋ, ನಿಮ್ಮದಲ್ಲ ರೀ, ನಂದು" ಎಂದಳು. ಈವರೆಗೆ ಯಾರಿಗೂ ಹೇಳದ್ದನ್ನು ಹೇಳಿದಳು. ಅವಳಿಗಾಗ ಹನ್ನೆರಡೋ ಹದಿಮೂರೋ. ದೊಡ್ಡಮ್ಮನ ಮನೆಯಲ್ಲಿ ನೆಂಟರೆಲ್ಲ ಸೇರಿ ಉದ್ದನೆಯ ಸಾಲಿನಲ್ಲಿ ಊಟಕ್ಕೆ ಕೂತಿದ್ದರು. ಅವಳಿಗೆ ಬೆಳೆಯುವ ವಯಸ್ಸಿನ ಹಸಿವು. ಎರಡನೇ ಸಲ ಬಡಿಸಿಕೊಂಡಾಗ ದೊಡ್ಡಪ್ಪ ಗಟ್ಟಿಯಾಗಿ, "ಇದೇನು ಹುಡುಗಿ ಊಟ ಮಾಡ್ತಿದ್ದಾಳೋ, ಹಿಟ್ಟಿನ ಗಿರಣಿ ಓಡ್ತಿದೆಯೋ?" ಎಂದರು. ಸಾಲಿಗೆ ಸಾಲೇ ನಕ್ಕಿತು. ಅಮ್ಮನೂ ನಕ್ಕಳು. ಆಮೇಲೆ ಎಷ್ಟೋ ವರ್ಷ ಅಣ್ಣ ತಮ್ಮಂದಿರಿಗೆಲ್ಲ ಅವಳು ಗಿರಣಿಯೇ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನುತ್ತಾರೆ. ಅವಳ ಪಾಲಿಗೆ ಊಟವೂ ಪರರ ಇಚ್ಛೆಯಾಗಿಬಿಟ್ಟಿತ್ತು.

"ದೊಡ್ಡಪ್ಪ ಕೆಟ್ಟವರೇನಲ್ಲ" ಎಂದಳು. "ಅವರಿಗೆ ಅದು ನೆನಪೂ ಇರಲಿಲ್ಲ ಅನ್ಸುತ್ತೆ. ನಾಲ್ಕು ಜನ ಇದ್ದ ಕಡೆ ಬಾಯಿಗೆ ತುತ್ತು ಇಟ್ರೆ ಸಾಕು, ನನ್ನ ಕಿವಿಗೆ ನನ್ನ ಹಲ್ಲಿನ ಸದ್ದು ಬಿಟ್ಟು ಬೇರೇನೂ ಕೇಳ್ಸಲ್ಲ. ಗಂಟಲು ಮುಚ್ಕೊಂಡ್ಬಿಡುತ್ತೆ."

ಮೇಸ್ತ್ರಿ "ಇಷ್ಟೇನಾ" ಎನ್ನಲಿಲ್ಲ. "ಲಿಫ್ಟ್ ಮಧ್ಯದಲ್ಲಿ ನಿಂತು ಒಳಗೆ ಜನ ಸಿಕ್ಕಿಹಾಕೊಂಡಾಗ ನಾನೇನು ಮಾಡ್ತೀನಿ ಗೊತ್ತಾ?" ಎಂದ. "ಹೆದರಬೇಡಿ ಅಂತ ಹೇಳೋಕೆ ಹೋಗಲ್ಲ. ಹಾಗಂದ್ರೆ ಹೆದರಿಕೆ ಇನ್ನೂ ಜಾಸ್ತಿ. ಹೊರಗಡೆ ಕೂತು ಏನಾದ್ರೂ ಹರಟೆ ಹೊಡೀತಾ ಇರ್ತೀನಿ. ಬಾಗಿಲು ತೆಗೆಯೋ ಹೊತ್ತಿಗೆ ತೆಗೆಯುತ್ತೆ. ನಡಿ, ಯಾರೂ ಇಲ್ಲದ ಹೊತ್ತಲ್ಲಿ, ಯಾರೂ ಇಲ್ಲದ ಕಡೆ ಹೋಗೋಣ."

ಹೊರಟರು. ಊಟದ ಹೊತ್ತು ಮೀರಿತ್ತು. ದೊಡ್ಡ ಹೋಟೆಲುಗಳನ್ನೆಲ್ಲ ದಾಟಿ ದಡದ ತುತ್ತತುದಿಗೆ ಹೋದರೆ ಅಲ್ಲೊಂದು ತಗಡಿನ ಮಾಡಿನ ಹೋಟೆಲು. ಮುಂದೆ ಟಾರ್ಪಾಲಿನ ಚಪ್ಪರ, ಅದರಡಿ ಕೆಲವೇ ಮೇಜುಗಳು, ಒಂದು ನರಪಿಳ್ಳೆಯೂ ಇಲ್ಲ. ಹೋಟೆಲಿನ ಒಡತಿ ಬಕೆಟ್ಟಿನ ಪಕ್ಕ ಕೂತು ಈರುಳ್ಳಿ ಸುಲಿಯುತ್ತಿದ್ದಳು.

"ಮೀನು ಬರೋದು ಸಂಜೆ ದೋಣಿಗೇ ಅಕ್ಕಾ. ಈಗ ಏಡಿ ಮಾತ್ರ ಇರೋದು. ಆಗಬಹುದಾ?"

"ಧಾರಾಳವಾಗಿ" ಎಂದ ಮೇಸ್ತ್ರಿ.

ಏಡಿ ಅಗಲವಾದ ತಟ್ಟೆಯಲ್ಲಿ ಬಂತು. ಬೆಣ್ಣೆ, ಕಾಳುಮೆಣಸು ಮೆತ್ತಿಕೊಂಡು ಹೊಗೆಯಾಡುತ್ತಿತ್ತು. ಜೊತೆಗೆ ಚಿಪ್ಪು ಒಡೆಯಲು ಇಬ್ಬರಿಗೂ ಒಂದೊಂದು ಮರದ ಸುತ್ತಿಗೆ. ಟೈಲರಮ್ಮ ಸುತ್ತಮುತ್ತ ನೋಡಿದಳು. ಸಮುದ್ರ ಬಿಟ್ಟರೆ ಸಾಕ್ಷಿಗೆ ಯಾರೂ ಇಲ್ಲ. ಏಡಿಯ ಒಂದು ಕಾಲು ಮುರಿದುಕೊಂಡಳು.

ಅಷ್ಟರಲ್ಲಿ ಗಾಳಿ ಎದ್ದಿತು. ಮೊದಲು ಮರಳು, ಹಿಂದೆಯೇ ಬೆರಳು ಗಾತ್ರದ ಹನಿಗಳು. ದಡದ ಆ ಕಡೆ ಮಲಗಿದ್ದವರು, ಈಜುತ್ತಿದ್ದವರು, ಮಕ್ಕಳುಮರಿ ಕಟ್ಟಿಕೊಂಡವರು ಎಲ್ಲರೂ ಹತ್ತಿರಕ್ಕೆ ಕಂಡ ಆ ತಗಡಿನ ಮಾಡಿನ ಕೆಳಗೇ ನುಗ್ಗಿದರು. ಚಪ್ಪರದ ಟಾರ್ಪಾಲು ಒಂದು ಕಡೆ ಕಿತ್ತುಕೊಂಡು ಹಾರಾಡತೊಡಗಿತು. ಒಡತಿ ಎಲ್ಲರನ್ನೂ ಒಳಕ್ಕೆ ತಳ್ಳಿ, ಮೇಜುಗಳನ್ನು ಎಳೆದು ಒಂದಕ್ಕೊಂದು ಸೇರಿಸಿ, "ಕೂತ್ಕೊಳ್ಳಿ, ನಿಂತ್ರೆ ಜಾಗ ಸಾಲಲ್ಲ" ಎಂದು ಕೂಗಿದಳು. ತಟ್ಟೆ ಹಿಡಿದು ನಿಂತಿದ್ದ ಟೈಲರಮ್ಮನನ್ನು ಭುಜ ಹಿಡಿದು ಕೂರಿಸಿಯೇಬಿಟ್ಟಳು. ಎಡಗಡೆ ಒದ್ದೆ ಅಂಗಿಯ ದಪ್ಪ ಮನುಷ್ಯ, ಬಲಗಡೆ ಎರಡು ಮಕ್ಕಳ ತಾಯಿ, ಎದುರಿಗೆ ಮಗನ ಜೊತೆ ಬಂದ ಒಬ್ಬ ಮುದುಕಿ. ಮೇಸ್ತ್ರಿ ನೂಕುನುಗ್ಗಲಿನಲ್ಲಿ ತನ್ನ ಸುತ್ತಿಗೆಯ ಸಮೇತ ಮೇಜಿನ ಆ ತುದಿ ಸೇರಿದ್ದ. ಅಲ್ಲಿಂದ ಕೈ ಎತ್ತಿ ಏನೋ ಹೇಳಿದ. ಕೇಳಿಸಲಿಲ್ಲ.

"ತಿನ್ನಿ ಅಕ್ಕಾ, ಆರಿದ್ರೆ ಏಡಿ ಚಪ್ಪೆ!" ಎಂದು ಒಡತಿ ಅವಳ ಕಿವಿಯಲ್ಲೇ ಕಿರುಚಿದಳು.

ಓಡಿಹೋಗಲು ದಾರಿಯಿರಲಿಲ್ಲ. ಹಿಂದಿನ ದಿನದಿಂದ ಹೊಟ್ಟೆಗೆ ಬಿದ್ದದ್ದು ಶರಬತ್ತು, ಮಾತ್ರೆ, ಒಂದೂವರೆ ಬನ್ನು. ಬೆಣ್ಣೆಯ ಘಮ ಮೂಗಿನಿಂದ ನೇರ ಕರುಳಿಗೇ ಇಳಿಯುತ್ತಿತ್ತು. ತಗಡಿನ ಮೇಲೆ ಮಳೆಯ ಸದ್ದು ಹೇಗಿತ್ತೆಂದರೆ ಪಕ್ಕದಲ್ಲಿ ಮಗು ಬಾಯಿ ತೆರೆದು ಅಳುತ್ತಿರುವುದು ಕಾಣುತ್ತಿತ್ತೇ ಹೊರತು ಕೇಳಿಸುತ್ತಿರಲಿಲ್ಲ. ಇಲ್ಲಿ ಹಲ್ಲಿನ ಸದ್ದು ಯಾರಿಗೆ ಕೇಳಿಸೀತು? ಟೈಲರಮ್ಮ ಸುತ್ತಿಗೆ ಎತ್ತಿ ಒಂದು ಬಾರಿಸಿದಳು. ಚಿಪ್ಪು ಬಿರಿಯಿತು. ಒಳಗಿನ ಬಿಳಿ ಮಾಂಸ ಎಳೆದು ಬಾಯಿಗಿಟ್ಟಳು. ಸಿಹಿಯಾಗಿತ್ತು, ಹಿಂದೆಯೇ ಮೆಣಸಿನ ಖಾರ. ಇನ್ನೊಂದು ಕಾಲು. ಮತ್ತೊಂದು. ಬೆರಳು ನೆಕ್ಕಿದಳು, ಚಿಪ್ಪು ಚೀಪಿದಳು. ಮೊಣಕೈವರೆಗೂ ಬೆಣ್ಣೆ ಇಳಿಯಿತು. ತಿನ್ನುತ್ತ ತಿನ್ನುತ್ತ ತಾನೆಲ್ಲಿದ್ದೇನೆ ಎಂಬುದೇ ಮರೆತುಹೋಯಿತು.

ಆ ಸಮುದ್ರದ ಮಳೆ ಬಂದ ಹಾಗೆಯೇ ಹೋಯಿತು. ಯಾರೋ ನಲ್ಲಿ ತಿರುಗಿಸಿ ನಿಲ್ಲಿಸಿದಂತೆ ಒಮ್ಮೆಲೇ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಒಂದೇ ಒಂದು ಸದ್ದು: ಟೈಲರಮ್ಮ ಏಡಿಯ ಕೊಂಡಿಯಿಂದ ರಸ ಹೀರುತ್ತಿದ್ದ ಸೊರ್ ಎಂಬ ಸದ್ದು.

ಅವಳ ಕೈ ಹಾಗೇ ನಿಂತಿತು. ತಲೆ ಎತ್ತಿದರೆ ಎದುರಿನ ಮುದುಕಿ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು. ಟೈಲರಮ್ಮ ಕೊಂಡಿಯನ್ನು ಮೆಲ್ಲಗೆ ತಟ್ಟೆಗಿಟ್ಟಳು.

ಮುದುಕಿ ಮಗನ ಕಡೆ ತಿರುಗಿದಳು. "ನನಗೂ ಅದೇ ಬೇಕು ಕಣೋ."

"ಅಮ್ಮಾ, ಡಾಕ್ಟರ್ ಸೂಪು ಅಂದಿದ್ದಾರೆ."

"ಆ ಡಾಕ್ಟರೇ ಕುಡೀಲಿ ಸೂಪು! ತಿಂಗಳಿಂದ ಬಾಯಿ ಸತ್ತು ಹೋಗಿತ್ತು. ಈಯಮ್ಮ ತಿನ್ನೋದು ನೋಡ್ತಾ ನೋಡ್ತಾ ಹಸಿವಾಗ್ತಿದೆ ನನಗೆ. ಎಷ್ಟು ದಿನ ಆಯ್ತು ನನಗೆ ಹಸಿವಾಗಿ, ನೀನೇ ಹೇಳು." ಆಮೇಲೆ ಟೈಲರಮ್ಮನತ್ತ ಬಾಗಿ, "ನೀನು ನಿಲ್ಲಿಸ್ಬೇಡ ಮಗಳೇ. ನನ್ನ ತಟ್ಟೆ ಬರೋವರೆಗೂ ತಿಂತಾ ಇರು" ಎಂದಳು.

ಟೈಲರಮ್ಮ ತನ್ನ ತಟ್ಟೆಯನ್ನೇ ಮುದುಕಿಯ ಕಡೆ ಸರಿಸಿ, "ಅಲ್ಲೀವರೆಗೆ ಇದನ್ನ ತಗೊಳ್ಳಿ ಅಮ್ಮ. ಇಲ್ಲಿ, ಈ ಗೆಣ್ಣಿನ ಹತ್ರ ಮುರೀಬೇಕು" ಎಂದು ತೋರಿಸಲು ಸುತ್ತಿಗೆ ಎತ್ತಿ ಹೊಡೆದಳು. ಏಟು ಓರೆಯಾಗಿ ಬಿತ್ತು. ಕೊಂಡಿ ಚಿಮ್ಮಿ, ಮೇಲಕ್ಕೆ ಹಾರಿ, ಒದ್ದೆ ಅಂಗಿಯವನ ಜೇಬಿಗೆ ಬಿತ್ತು. ಆತ ಬೆಚ್ಚಿ ಎದ್ದು ನಿಂತು ಜೇಬು ಇಣುಕಿ ನೋಡಿ, "ಇದು ನನಗೇ ಕೊಟ್ಟಿದ್ದಾ, ವಾಪಸು ಕೊಡ್ಬೇಕಾ?" ಎಂದು ಕೇಳಿದ.

ಮೇಜಿಗೆ ಮೇಜೇ ನಕ್ಕಿತು. ಆ ತುದಿಯಿಂದ ಮೇಸ್ತ್ರಿಯ ನಗು ತಗಡಿಗೆ ತಾಗಿ ವಾಪಸು ಬಂತು. ಬಾಯಿ ತುಂಬ ಏಡಿ ಇಟ್ಟುಕೊಂಡು ಟೈಲರಮ್ಮನೂ ನಕ್ಕಳು. ನೆತ್ತಿಗೇರಿ ಕೆಮ್ಮಿದಳು. ಪಕ್ಕದ ತಾಯಿ ತಲೆ ತಟ್ಟಿ ನೀರು ಕೊಟ್ಟಳು. ಎಲ್ಲರಿಗೂ ಏಡಿ ಬೇಕಾಯಿತು. ಒಡತಿ ಒಲೆಯ ಮುಂದೆ ನಿಂತು, "ಮಳೆ ಬಂದ್ರೆ ವ್ಯಾಪಾರ ಇಲ್ಲ ಅಂತ ಬೈಕೋತಿದ್ದೆನಲ್ಲಪ್ಪಾ" ಎಂದುಕೊಳ್ಳುತ್ತ ಬಾಣಲೆ ಮೇಲೆ ಬಾಣಲೆ ಇಳಿಸಿದಳು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಗೆ ಆ ಮಧ್ಯಾಹ್ನ ಬೆಲೆಯಿರಲಿಲ್ಲ; ಅಲ್ಲಿದ್ದವರೆಲ್ಲರದ್ದೂ ಕೈ, ಬಾಯಿ ಎರಡೂ ಒಂದೇ ಸ್ಥಿತಿಯಲ್ಲಿದ್ದವು. ಮುದುಕಿ ಎರಡು ಕಾಲು ಮುಗಿಸಿ, ಮೂರನೆಯದನ್ನು ಚೀಪುತ್ತಲೇ ಕೂತಲ್ಲಿ ತೂಕಡಿಸಿದಳು.

ದಡದ ಮೇಲೆ ವಾಪಸು ನಡೆಯುವಾಗ ಟೈಲರಮ್ಮ ಕೇಳಿದಳು, "ನಾನು ತುಂಬಾ ಸದ್ದು ಮಾಡಿದ್ನಾ?"

"ಮಾಡಿದೆ" ಎಂದ ಮೇಸ್ತ್ರಿ. "ಚೆನ್ನಾಗಿ ತಿನ್ನೋರು ಮಾಡೋವಷ್ಟು."

ಅಲ್ಲಿಗೆ ಎಲ್ಲವೂ ಸರಿಹೋಯಿತೆಂದೇನಲ್ಲ. ಮರುದಿನ ಹುಮ್ಮಸ್ಸಿನಲ್ಲಿ ಗಾಜಿನ ಬಾಗಿಲಿನ ದೊಡ್ಡ ಹೋಟೆಲಿಗೆ ಹೋದರು. ಬಿಳಿ ಮೇಜುಬಟ್ಟೆ, ಪಿಸುಮಾತು, ಚಾಕು ಮುಳ್ಳುಚಮಚಗಳ ಸಣ್ಣ ಸದ್ದು. ಟೈಲರಮ್ಮ ಬಾಯಿವರೆಗೆ ತಂದ ತುತ್ತನ್ನು ಮತ್ತೆ ತಟ್ಟೆಗಿಟ್ಟಳು. ಈ ಸಲ ಸುಳ್ಳು ಹೇಳಲಿಲ್ಲ. "ಇಲ್ಲಿ ಆಗಲ್ಲ ರೀ" ಎಂದಳು. ಮೇಸ್ತ್ರಿ ಎಲ್ಲವನ್ನೂ ಪಾರ್ಸಲ್ ಮಾಡಿಸಿದ. ಇಬ್ಬರೂ ಸಮುದ್ರದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ತಿಂದರು. ಹೋಗಿಬರುವವರು ನೋಡಿದರು. ನೋಡಿದರೆ ನೋಡಲಿ ಎಂದು ಅವಳು ಕಟ್ಟೆಯ ಮೇಲೆಯೇ ಕೂತಿದ್ದಳು. ಜನ ನೋಡುತ್ತಿದ್ದಾರೆಂಬುದು ಅರ್ಧ ಊಟ ಆದ ಮೇಲೆಯೇ ತನಗೆ ಹೊಳೆದದ್ದು ಎಂದು ಆಮೇಲೆ ಹೇಳಿಕೊಂಡಳು.

ಹೊರಡುವ ದಿನ ಬೆಳಿಗ್ಗೆ ದೋಣಿಕಟ್ಟೆಯ ಪಕ್ಕದ ಚಹಾದಂಗಡಿಯನ್ನು ಅವಳೇ ಆರಿಸಿದಳು. ಬೆಂಚಿನ ಮೇಲೆ ದೋಣಿಗೆ ಕಾಯುವವರು ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಜರುಗಿಸಿಕೊಂಡು ತಾನೂ ಕೂತಳು. ಮೊಟ್ಟೆ, ಕಾಯಿಸಿದ ಬ್ರೆಡ್ಡು ತರಿಸಿಕೊಂಡಳು. ಅರ್ಧ ಆಗುವಷ್ಟರಲ್ಲಿ ದೋಣಿಯ ಹಾರ್ನ್ ಮೊಳಗಿತು. ಬೆಂಚು ಖಾಲಿಯಾಯಿತು. ಮೇಸ್ತ್ರಿ ಸೂಟ್‌ಕೇಸು ಎತ್ತಿಕೊಂಡು ನಿಂತ.

"ಬೇಗ ಬೇಗ! ಕೈಯಲ್ಲಿ ಹಿಡ್ಕೊಂಡು ಬಾ, ದೋಣೀಲಿ ತಿನ್ನುವೆಯಂತೆ."

"ಇನ್ನೊಂದು ದೋಣಿ ಇದೆಯಲ್ಲ ರೀ" ಎಂದಳು ಟೈಲರಮ್ಮ, ಬ್ರೆಡ್ಡಿನ ಚೂರಿನಿಂದ ತಟ್ಟೆಯ ಹಳದಿ ಬಳಿದುಕೊಳ್ಳುತ್ತ. "ಕೂತ್ಕೊಳ್ಳಿ. ನಿಮಗೂ ಒಂದು ಹೇಳ್ಲಾ?"

ಮೇಸ್ತ್ರಿ ಒಮ್ಮೆ ದೋಣಿ ನೋಡಿದ, ಒಮ್ಮೆ ಹೆಂಡತಿಯ ತಟ್ಟೆ ನೋಡಿದ. ಸೂಟ್‌ಕೇಸು ಕೆಳಗಿಟ್ಟು ಅವಳ ಪಕ್ಕ ಕೂತ.

"ಎರಡು ಹೇಳು" ಎಂದ.